ಚೆಕ್‌ನಟ್ ಮೇಲಿನ ಹಳದಿ ಗೆರೆ

ನಾನು ನಿಂತಿದ್ದದ್ದು ಆನೆ ಕಂದಕದ ದಂಡೆಯ ಮೇಲೆ, ದಾರಿಯ ಎಡಕ್ಕೆ. ಕಂದಕ ಅಗೆದಾಗ ತೆಗೆದು ಹಾಕಿದ ಮಣ್ಣು ಅಲ್ಲಿ ಗಟ್ಟಿಯಾಗಿ, ಹುಲ್ಲು ಬೆಳೆದು, ಆಳೆತ್ತರದ ದಿಬ್ಬವಾಗಿದೆ. ಡೆಂಕಣಿಕೋಟೆ ದಾಟಿ ಡಾಂಬರು ಮುಗಿದ ಮೇಲೆ ರಾಗಿ ಹೊಲಗಳ ನಡುವೆ ಒಂದು ಮಣ್ಣುದಾರಿ ದಕ್ಷಿಣಕ್ಕೆ, ಕಾಡಿನ ಕಡೆಗೆ ಹೋಗುತ್ತದೆ. ಅದು ಕಂದಕವನ್ನು ದಾಟುವ ಕಡೆ ಟ್ರ್ಯಾಕ್ಟರ್ ಓಡಾಡಲೆಂದು ಊರಿನವರು ಮಣ್ಣು ತುಂಬಿದ್ದಾರೆ. ಮಳೆಗೆ ಆ ಮಣ್ಣು ಬಲಗಡೆ ಕುಸಿದಿದೆ. ಆಯುಧಪೂಜೆ ಕಳೆದ ಮೇಲಿನ ಭಾನುವಾರ, ಬೆಳಗಿನ ಹೊತ್ತು. ತೆನೆಗಳ ಮೇಲಿನ ಇಬ್ಬನಿ ಆರಿತ್ತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಸೂರ್ಯ ನನ್ನ ಬೆನ್ನಿಗಿದ್ದ. ಗಾಡಿಯ ಎಡಮಗ್ಗುಲು ಪೂರ್ತಿಯಾಗಿ ಬೆಳಕಿನಲ್ಲಿತ್ತು. ಇದನ್ನೆಲ್ಲ ಮೊದಲೇ ಬರೆಯುತ್ತಿದ್ದೇನೆ, ಏಕೆಂದರೆ ‘ನಿನಗೆ ಸರಿಯಾಗಿ ಕಂಡಿರಲಿಕ್ಕಿಲ್ಲ’ ಎಂದು ಆಮೇಲೆ ನನಗೆ ಹೇಳಿದವರೇ ಹೆಚ್ಚು.

ಗಾಡಿ ನನ್ನ ಕಡೆಗೆ ಬರುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತಿದ್ದವನು ನನ್ನ ಭಾವನ ತಮ್ಮ. ಭಾವ ಅಂದರೆ ನನ್ನ ಅಕ್ಕನ ಗಂಡ. ಗಾಡಿಯನ್ನು ಕಟ್ಟಿದವರು ಅವರು. ಅವರು ಗಾಡಿಯ ಮುಂದೆ, ಹಿಮ್ಮುಖವಾಗಿ ನಡೆಯುತ್ತ, ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಆ ವಿಡಿಯೋವನ್ನು ಆಮೇಲೆ ಅವರು ಯಾರಿಗೂ ತೋರಿಸಲಿಲ್ಲ. ಅಕ್ಕ ಲಾರಿಯ ಬೆನ್ನಿಗೆ ಕೂರಿಸಿದ್ದ ಪೆಟ್ಟಿಗೆಮನೆಯ ಒಳಗಿದ್ದಳು. ಗಾಡಿ ನನ್ನ ನಡಿಗೆಗಿಂತ ನಿಧಾನವಾಗಿ ಬರುತ್ತಿತ್ತು. ಈ ಒಂದು ವಾಕ್ಯಕ್ಕಾಗಿ ನಾನು ಎಷ್ಟೋ ಜನರ ಹತ್ತಿರ ಜಗಳ ಆಡಿದ್ದೇನೆ. ಅದಕ್ಕೇ ಮತ್ತೊಮ್ಮೆ ಬರೆಯುತ್ತೇನೆ: ನನ್ನ ನಡಿಗೆಗಿಂತ ನಿಧಾನವಾಗಿ ಬರುತ್ತಿತ್ತು.

ಭಾವ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಫ್ಯಾಬ್ರಿಕೇಶನ್ ವಿಭಾಗದ ಸೂಪರ್‌ವೈಸರ್ ಆಗಿದ್ದವರು. ನಾವೆಲ್ಲ ಮಾಲೂರು ಕಡೆಯವರು. ಮೊದಲು ಅವರು ಬಂದರು, ಅವರ ಹಿಂದೆ ಅವರ ತಮ್ಮ, ಆಮೇಲೆ ನಾನು. ಕಾರ್ಖಾನೆ ಅವರ ವಯಸ್ಸಿನವರನ್ನೆಲ್ಲ ಸ್ವಯಂ ನಿವೃತ್ತಿ ಕೊಡಿಸಿ ಮನೆಗೆ ಕಳಿಸಿದಾಗ, ಅವರು ಕೆಲವು ತಿಂಗಳು ಹೊಸೂರಿನ ಅವಲಪಲ್ಲಿಯ ಮನೆಯ ಜಗುಲಿಯಲ್ಲಿ ಸುಮ್ಮನೆ ಕೂತಿದ್ದರು. ಶಿಫ್ಟ್ ಬಸ್ಸು ಬರುವ ಹೊತ್ತಿಗೆ ಎದ್ದು ನಿಲ್ಲುವುದು, ಬಸ್ಸು ಹೋದ ಮೇಲೆ ಕೂರುವುದು. ಅಕ್ಕ ಅದನ್ನು ನೋಡಲಾರದೆ ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು.

ಒಂದು ದಿನ ಬೆಂಗಳೂರಿನ ಕಡೆಯಿಂದ ಬಂದ ಒಂದು ಗಾಡಿ ನಮ್ಮ ರಸ್ತೆಯಲ್ಲಿ ಪಂಕ್ಚರ್ ಆಗಿ ನಿಂತಿತು. ಲಾರಿಯೂ ಅಲ್ಲ, ವ್ಯಾನೂ ಅಲ್ಲ. ಹಿಂದೆ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ನಲ್ಲಿ. ಯಾರೋ ದುಡ್ಡಿದ್ದವರು ಬೆಟ್ಟ ಕಾಡು ಸುತ್ತಲು ಮಾಡಿಸಿಕೊಂಡದ್ದು. ಟಯರ್ ಬದಲಾಗುವಷ್ಟು ಹೊತ್ತು ಭಾವ ಅದರ ಕೆಳಗೆ ಮಲಗಿದ್ದರು. ಎದ್ದು ಬಂದವರ ಮುಖವೇ ಬೇರೆ.

“ಲೇ, ಇದನ್ನ ಹೊರದೇಶದಿಂದ ತರಿಸವ್ರಂತೆ ಕಣ್ಲಾ,” ಎಂದರು ನನಗೆ. “ಇದರಾಗೆ ನಂ ಕೈಲಿ ಆಗ್ದೇ ಇರೋದು ಒಂದೂ ಇಲ್ಲ. ಒಂದೂ.”

ಅದು ನಿಜವಾಗಿತ್ತು. ಅದನ್ನೂ ಹೇಳಬೇಕು, ಹೇಳದಿದ್ದರೆ ನನ್ನ ಸಿಟ್ಟು ಬರೀ ಹೊಟ್ಟೆಕಿಚ್ಚಿನಂತೆ ಕಾಣುತ್ತದೆ. ಹರಾಜಿನಲ್ಲಿ ಬಿಟ್ಟ ಒಂದು ಹಳೆಯ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಸಣ್ಣ ಲಾರಿಯನ್ನು ಅವರು ತಂದರು. ಮನೆಯ ಪಕ್ಕದ ಖಾಲಿ ಜಾಗಕ್ಕೆ ಶೀಟು ಹೊದಿಸಿ ಶೆಡ್ಡು ಮಾಡಿದರು. ಗುಜರಿಯಿಂದ ಕಬ್ಬಿಣದ ಚಾನಲ್ ಪಟ್ಟಿ ತಂದು ಗ್ಯಾಸಿನಲ್ಲಿ ಕೊಯ್ದು ಬ್ರಾಕೆಟ್ ಮಾಡಿದರು. ಬಾಗಿಲಿನ ಕೀಲುಗಳನ್ನು ಪರಿಚಯದವರ ಲೇತಿನಲ್ಲಿ ತಾವೇ ನಿಂತು ಕಡೆಸಿದರು. ಪೈಪು ಬಗ್ಗಿಸುವಾಗ ಅದು ಚಪ್ಪಟೆಯಾಗಬಾರದೆಂದು ಒಳಗೆ ಮರಳು ತುಂಬಿ, ಎರಡೂ ಬಾಯಿಗೆ ಮರದ ಬೆಣೆ ಹೊಡೆದು, ಕಾಯಿಸಿ, ಜಾಕಿಯಿಂದ ಒತ್ತಿ ಬಗ್ಗಿಸಿದರು. ಬಾಗಿಲಿನ ಚಿಲಕಕ್ಕೆ ಸೈಕಲ್ಲಿನ ಬ್ರೇಕ್ ವೈರು. ನೀರಿನ ಟ್ಯಾಂಕಿನ ಬೆಸುಗೆ ಎಷ್ಟು ನಯವಾಗಿತ್ತೆಂದರೆ ಬೆರಳು ಆಡಿಸಿದರೆ ಎಲ್ಲಿ ಸೇರಿದೆ ಎಂದೇ ತಿಳಿಯುತ್ತಿರಲಿಲ್ಲ. ನಾನು ಶಿಫ್ಟ್ ಮುಗಿಸಿ ಹೋಗಿ ನೋಡುತ್ತ ಕೂತಿರುತ್ತಿದ್ದೆ. ನನಗೆ ಹೆಮ್ಮೆಯಿತ್ತು.

ಎದುರು ಮನೆಯ ತಮಿಳು ಮೇಷ್ಟ್ರು ದಿನವೂ ಸ್ಕೂಟರ್ ನಿಲ್ಲಿಸಿ, ಇಡ್ಲಿ ಅಂಗಡಿ ಇಡುತ್ತೀರಾ ಎಂದು ತಮಾಷೆಗೆ ಕೇಳುತ್ತಿದ್ದರು: “ಎನ್ನ ಸಾರ್, ಇಡ್ಲಿ ಕಡೈಯಾ?”

“ಆಮಾ ಸಾರ್, ಮೊದಲ ಇಡ್ಲಿ ನಿಮಗೇ,” ಎನ್ನುತ್ತಿದ್ದರು ಭಾವ.

ಅಕ್ಕ ಮಾತ್ರ ಒಳಗಿನಿಂದ ಗೊಣಗುವಳು. ಅವಳ ಅಡುಗೆಮನೆಯ ನಲ್ಲಿ ಎಷ್ಟೋ ವರ್ಷದಿಂದ ತೊಟ್ಟಿಕ್ಕುತ್ತಿತ್ತು. “ಮನೆ ನಲ್ಲಿ ಸೋರ್ತೈತೆ, ಇಲ್ಲಿ ಗಾಡೀಗೆ ನಲ್ಲಿ ಕೂರಿಸ್ತಾವ್ರೆ. ಕೇಳೋರಿಲ್ಲ.”

“ಮುಂದಿನ್ ಸ್ಟೇಷನ್ ನೋಡ್ಕೊಂತದೆ ಬಿಡೇ.”

“ಈ ಮನೇಲಿ ಮುಂದಿನ್ ಸ್ಟೇಷನ್ ಅಂದ್ರೆ ನಾನೇ ತಾನೆ.”

‘ಮುಂದಿನ ಸ್ಟೇಷನ್’ ಕಾರ್ಖಾನೆಯ ಮಾತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಕೆಲಸ ಮಾಡುವಂಥ ಲೈನಿನಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಸಾಗುತ್ತ ಹೋಗುತ್ತದೆ. ಪ್ರತಿಯೊಬ್ಬರ ಜಾಗವೂ ಒಂದು ಸ್ಟೇಷನ್. ನಟ್ಟನ್ನು ಬಿಗಿ ಮಾಡಿದವನು ಅದರ ಮೇಲಿಂದ ಬೋಲ್ಟಿನ ತುದಿಗೆ ಹಾಯುವಂತೆ ಪೇಂಟ್ ಪೆನ್ನಿನಲ್ಲಿ ಒಂದು ಹಳದಿ ಗೆರೆ ಎಳೆಯುತ್ತಾನೆ. ಬಿಗಿಯಾಗಿದೆ ಎಂಬ ಗುರುತು. ಮುಂದೆ ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಎರಡಾಗಿ ಕಾಣುತ್ತದೆ. ಆದರೆ ತಿಂಗಳ ಕೊನೆಯಲ್ಲಿ ಗಾಡಿಗಳು ಹೊರಡಲೇಬೇಕೆಂಬ ಒತ್ತಡ ಬಂದಾಗ, ಕೈಯಲ್ಲಿ ತಿರುಗಿಸಿ ಕೂರಿಸಿದ ನಟ್ಟಿಗೇ ಗೆರೆ ಎಳೆದು ಮುಂದಕ್ಕೆ ತಳ್ಳುವವರಿದ್ದಾರೆ. ಮುಂದಿನ ಸ್ಟೇಷನ್ನಿನವನು ಸ್ಪ್ಯಾನರ್ ಇಟ್ಟು ನೋಡಿ, ಬೈದು, ಬಿಗಿ ಮಾಡಿ, ಮುರಿದ ಗೆರೆ ಒರೆಸಿ ಹೊಸದು ಎಳೆಯುತ್ತಾನೆ. ತಪ್ಪೇ, ಆದರೆ ಅಲ್ಲಿ ನಡೆದುಹೋಗುತ್ತದೆ, ಏಕೆಂದರೆ ಮುಂದೆ ಯಾವಾಗಲೂ ಇನ್ನೊಬ್ಬ ಇರುತ್ತಾನೆ. ಭಾವ ಒಂದು ಜನ್ಮವಿಡೀ ಆ ಲೈನಿನಲ್ಲಿ ನಿಂತವರು. ಶೆಡ್ಡಿನಲ್ಲಿ ಅವರ ಮುಂದೆ ಯಾರೂ ಇರಲಿಲ್ಲ.

ಪೆಟ್ಟಿಗೆಮನೆಯನ್ನು ಲಾರಿಯ ಚಾಸಿಗೆ, ಅಂದರೆ ಅಡಿಯ ಉಕ್ಕಿನ ಚೌಕಟ್ಟಿಗೆ, ಕೂರಿಸುವುದೇ ಇಂಥ ಗಾಡಿಯ ಕಷ್ಟದ ಕೆಲಸ. ಹಳ್ಳದಿಣ್ಣೆಯಲ್ಲಿ ಚಾಸಿ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಳ್ಳುತ್ತದೆ. ಪೆಟ್ಟಿಗೆ ತಿರುಚಿಕೊಳ್ಳಲಾರದು, ಸೀಳಿಹೋಗುತ್ತದೆ. ಅದಕ್ಕೇ ಮುಂದೆ ಬ್ರಾಕೆಟ್ಟುಗಳನ್ನು ಗಟ್ಟಿಯಾಗಿ ಕೂರಿಸಿ, ಹಿಂದೆ ಮಾತ್ರ ಸ್ಪ್ರಿಂಗಿನ ಮೇಲೆ ಕೂರಿಸುತ್ತಾರೆ. ಉದ್ದನೆಯ ಬೋಲ್ಟು, ಅದರ ಮೇಲೆ ದಪ್ಪ ಸ್ಪ್ರಿಂಗು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಒಂದು ನಟ್ಟು, ಆ ನಟ್ಟು ಸಡಿಲವಾಗದಂತೆ ಅದರ ಬೆನ್ನಿಗೆ ಬಿಗಿಯುವ ಇನ್ನೊಂದು ನಟ್ಟು. ಈ ಎರಡನೆಯದನ್ನು ಚೆಕ್‌ನಟ್ ಎನ್ನುತ್ತಾರೆ. ಚೆಕ್‌ನಟ್ ಬಿಗಿಯಾಗಿಲ್ಲದಿದ್ದರೆ ಸ್ಪ್ರಿಂಗು ಆಡಿದಷ್ಟೂ ಎರಡೂ ನಟ್ಟುಗಳು ತಿರುಗಿ ತಿರುಗಿ ಹೊರಗೆ ಬರುತ್ತವೆ. ಭಾವ ಹಳೆಯ ಪ್ರೆಸ್ಸುಗಳ ಸ್ಪ್ರಿಂಗು ತಂದು ಇದನ್ನೆಲ್ಲ ತಾವೇ ಮಾಡಿದರು. ಮಾಡಿದ್ದರಲ್ಲಿ ದೋಷವಿರಲಿಲ್ಲ. ಈಗಲೂ ಹೇಳುತ್ತೇನೆ, ದೋಷವಿರಲಿಲ್ಲ.

ಆಯುಧಪೂಜೆಯ ದಿನ ಗಾಡಿಗೆ ಪೂಜೆ. ಹೊಸೂರಿನಲ್ಲಿ ಅವತ್ತು ಸ್ಪ್ಯಾನರಿನಿಂದ ಹಿಡಿದು ಕ್ರೇನಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಬಾಳೆಕಂದು ಕಟ್ಟಿಯಾಗಿತ್ತು, ಬೂದುಗುಂಬಳ ತಂದಾಗಿತ್ತು, ಪೂಜಾರಿ ಬಂದು ಚಪ್ಪಲಿ ಬಿಟ್ಟಿದ್ದರು. ಬೆಂಗಳೂರಿನ ಒಂದು ದಂಪತಿ ಇಂಥದೇ ಗಾಡಿ ತಮಗೂ ಬೇಕೆಂದು ಮಾತಾಡಿದ್ದರು. ಅವರಿಗೆ ಅವತ್ತೇ ಫೋಟೋ ಕಳಿಸಬೇಕಿತ್ತು, ಕೆಳಭಾಗದ್ದೂ ಸೇರಿ. ಭಾವ ಗಾಡಿಯ ಕೆಳಗಿದ್ದರು. ನಾನು ಬಗ್ಗಿ ಟಾರ್ಚ್ ಹಿಡಿದಿದ್ದೆ. ಅವರು ಚೆಕ್‌ನಟ್ಟುಗಳನ್ನು ಬೆರಳಿನಿಂದ ತಿರುಗಿಸಿ ಕೂರಿಸುತ್ತ ಬಂದರು. ಕೂರಿಸಿದ ಹಾಗೇ ಪೆನ್ನು ತೆಗೆದು ಎರಡೂ ನಟ್ಟುಗಳಿಗೆ ಹಾಯುವಂತೆ ಗೆರೆ ಎಳೆದರು. ಇದನ್ನು ನಾನು ನೋಡಿದೆ.

“ಭಾವ, ಬಿಗಿ ಮಾಡ್ದೇನೇ ಗೆರೆನಾ?”

“ಪೂಜೆ ಆಗ್ಲಿ, ಬಿಗಿ ಮಾಡ್ತೀನಿ. ಫೋಟೋದಾಗೆ ಗೆರೆ ಕಾಣ್ಬೇಕು ಕಣ್ಲಾ.”

“ಸ್ಪ್ಯಾನರ್ ಕೊಡ್ಲಾ? ಇಲ್ಲೇ ಐತೆ.”

ಹೊರಗಿನಿಂದ ಅಕ್ಕ ಕೂಗಿದಳು, “ರಾಹುಕಾಲ ಬತ್ತೈತೆ, ಎದ್ದು ಬರ್ತೀರೋ ಇಲ್ಲ ನಾನೇ ಆರತಿ ಎತ್ಲೋ?”

ಅವರು ಎದ್ದು ಬಂದರು. ಆ ಸ್ಪ್ಯಾನರೂ ಪೂಜೆಯ ತಟ್ಟೆ ಸೇರಿತು. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಯಾರೂ ಮುಟ್ಟುವುದಿಲ್ಲ. ನಿಂಬೆಹಣ್ಣುಗಳ ಮೇಲೆ ಗಾಡಿ ಹತ್ತಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಷ್ಟ್ರು ನಿಜವಾಗಿಯೂ ಇಡ್ಲಿ ತಂದಿದ್ದರು.

ಭಾನುವಾರ ಬೆಳಿಗ್ಗೆ ಹೊರಡುವ ಮುಂಚೆ ನಾನು ಮತ್ತೆ ಕೇಳಿದೆ. “ಆ ಚೆಕ್‌ನಟ್ಟು ಬಿಗಿ ಮಾಡಿದ್ರಾ ಭಾವ?”

ಅವರು ಬಗ್ಗಿ, ಟಾರ್ಚ್ ಹಾಕಿ ನೋಡಿದರು. “ಗೆರೆ ಐತಲ್ಲಪ್ಪ. ಕಾಣಾಕಿಲ್ವಾ?”

ಸುಳ್ಳು ಹೇಳಿದರು ಎಂದು ನಾನು ಹೇಳುವುದಿಲ್ಲ. ಅವರ ಮುಖ ನನಗೆ ಚೆನ್ನಾಗಿ ಗೊತ್ತು. ನಡುವಿನ ದಿನಗಳಲ್ಲಿ ಬಿಗಿ ಮಾಡಿದ್ದೇನೆಂದೇ ಅವರು ಅಂದುಕೊಂಡಿದ್ದರು. ಗೆರೆ ಇದ್ದರೆ ಬಿಗಿ ಇದೆ: ಜೀವಮಾನವೆಲ್ಲ ಕಣ್ಣು ಪಳಗಿದ್ದು ಹಾಗೆ. ತಾವು ಎಳೆದ ಗೆರೆಯನ್ನು ತಾವೇ ನಂಬಿದರು. ಈ ಮರೆವಿಗೆ ನನಗೆ ಸಿಟ್ಟಿಲ್ಲ. ಮನುಷ್ಯನಿಗೆ ಅಷ್ಟಾಗುತ್ತದೆ. ನನ್ನ ಸಿಟ್ಟು ಆಮೇಲಿನದಕ್ಕೆ.

ಕಂದಕದ ಹತ್ತಿರ ಗಾಡಿ ನಿಲ್ಲಿಸಿ ಭಾವ ಅಕ್ಕನನ್ನು ಒಳಗೆ ಕಳಿಸಿದರು. ವಿಡಿಯೋದಲ್ಲಿ ಅವಳು ಒಳಗೆ ಟೀ ಲೋಟ ಹಿಡಿದು ಕೂತಿರಬೇಕು.

“ಗಾಡಿ ಹಳ್ಳ ಇಳಿದು ಏರಿದ್ರೂ ಲೋಟದಾಗಿನ ಟೀ ಚೆಲ್ಲಾಕಿಲ್ಲ ಅಂತ ತೋರಿಸ್ಬೇಕು. ಏರಿದ ಮೇಲೆ ನಗ್ತಾ ಬಾಗ್ಲು ತೆಗಿ.”

“ಚೆಲ್ಲಿದ್ರೆ ನನ್ ಸೀರೆ ಮ್ಯಾಲೆ ತಾನೆ,” ಎಂದಳು ಅಕ್ಕ. ಆದರೂ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಕನ್ನಡಿ ನೋಡಿಕೊಂಡಳು ಕೂಡ. ಗಾಡಿಯೊಳಗೆ ಭಾವ ಅವಳಿಗೆಂದೇ ಒಂದು ಕನ್ನಡಿ ಕೂರಿಸಿದ್ದರು.

ಭಾವನ ತಮ್ಮ ಇಳಿದು, ಕಂದಕದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದ. ಅವನು ಲಾರಿ ಡ್ರೈವರು, ಮಾತು ಕಡಿಮೆ. ನನ್ನನ್ನೂ ಭಾವ ಎಂದೇ ಕರೆಯುತ್ತಾನೆ. “ಬಲಗಡೆ ಕುಸಿದೈತೆ ಭಾವ. ನೀವು ದಿಬ್ಬದ ಮ್ಯಾಲಿಂದ ಕೈ ತೋರ್ಸಿ, ನಾನು ಲೋ ಗೇರ್‌ನಾಗೆ ಬತ್ತೀನಿ,” ಎಂದ. ನಾನು ದಿಬ್ಬ ಹತ್ತಿದೆ.

ಅವನು ನನ್ನ ಕೈಯನ್ನೇ ನೋಡುತ್ತ ಬಂದ. ನಾನು ಬೆರಳು ಮಡಿಸಿ ಬಾ ಬಾ ಎಂದೆ, ಅಂಗೈ ತೋರಿಸಿ ನಿಲ್ಲಿಸಿದೆ, ಮತ್ತೆ ಬಾ ಎಂದೆ. ಮುಂದಿನ ಚಕ್ರಗಳು ದಾಟಿದವು. ಹಿಂದಿನ ಬಲಚಕ್ರ ಕುಸಿದ ಮಣ್ಣಿಗೆ ಇಳಿಯಿತು, ಎಡಚಕ್ರ ಮೇಲೆ ನಿಂತಿತು. ಪೆಟ್ಟಿಗೆ ಬಲಕ್ಕೆ ವಾಲಿತು. ಅಷ್ಟು ವಾಲಬೇಕಾದದ್ದೇ, ಎಡಗಡೆಯ ಸ್ಪ್ರಿಂಗು ಕುಗ್ಗಿ ಅದನ್ನು ಹಿಡಿದುಕೊಳ್ಳಬೇಕಿತ್ತು. ನಾನು ಆ ಸ್ಪ್ರಿಂಗನ್ನೇ ನೋಡುತ್ತಿದ್ದೆ. ಅದು ಕುಗ್ಗಲಿಲ್ಲ. ಅದರ ಬೋಲ್ಟು ತೂತಿನಿಂದ ಮೇಲಕ್ಕೆ ಬಂದಿತು, ಸಲೀಸಾಗಿ, ಬೆಣ್ಣೆಯಿಂದ ಚಾಕು ಎಳೆದಂತೆ. ತುದಿಯಲ್ಲಿ ನಟ್ಟು ಇರಲಿಲ್ಲ. ಬರೀ ಬೋಲ್ಟು, ಬಿಸಿಲಿಗೆ ಹೊಳೆಯುವ ಅದರ ತಿರುಪಿನ ಸುತ್ತುಗಳು. ಎಡಮಗ್ಗುಲು ಪಾತ್ರೆಯ ಮುಚ್ಚಳದ ಹಾಗೆ ಎದ್ದಿತು. ಮುಂದಿನ ಬ್ರಾಕೆಟ್ಟುಗಳು ಒಂದಾದ ಮೇಲೊಂದು ಹರಿದ ಸದ್ದು ಬಂತು. ಪೆಟ್ಟಿಗೆ ಬಲಕ್ಕೆ ಉರುಳಿ ಕಂದಕದೊಳಗೆ ಬಿದ್ದಿತು.

ಆಮೇಲೆ ಅಕ್ಕನ ದನಿ. ಅದನ್ನು ಬರೆಯುವುದಿಲ್ಲ.

ಭಾವನ ತಮ್ಮ ಎಂಜಿನ್ ಕೂಡ ಆರಿಸದೆ ಹಾರಿ ಓಡಿದ. ನಾನು ದಿಬ್ಬದಿಂದ ಜಾರಿಕೊಂಡೇ ಇಳಿದೆ. ಇಳಿಯುವಾಗ ಭಾವ ನನ್ನ ಕಣ್ಣೆದುರಿಗೇ ಇದ್ದರು. ಅವರು ಗಾಡಿಯ ಮುಂದಿನಿಂದ ಹಿಂದಕ್ಕೆ ಓಡಿ ಬಂದಿದ್ದರು. ಹಿಂದಿನ ಚಕ್ರದ ಬಳಿ ನಿಂತರು. ಕಂದಕದ ಕಡೆ ನೋಡಲಿಲ್ಲ. ಚಾಸಿಯ ಕಡೆ ನೋಡಿದರು, ಆ ಖಾಲಿ ತೂತಿನ ಕಡೆ. ಆಮೇಲೆ ಬಗ್ಗಿದರು. ಧೂಳಿನಿಂದ ಒಂದು ನಟ್ಟನ್ನು ಎತ್ತಿಕೊಂಡರು, ಒಂದು ಮಗ್ಗುಲಲ್ಲಿ ಹಳದಿ ಬಣ್ಣವಿದ್ದ ನಟ್ಟು, ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಆಮೇಲೆ ಕಂದಕಕ್ಕೆ ಇಳಿದರು. ಹೆಚ್ಚು ಹೊತ್ತಲ್ಲ, ಒಂದು ಉಸಿರಿನಷ್ಟು. ಹೆಂಡತಿ ಒಳಗೆ ಕೂಗುತ್ತಿದ್ದಳು. ಆ ಒಂದು ಉಸಿರನ್ನು ನಾನು ಅವರಿಗೆ ಇನ್ನೂ ಕ್ಷಮಿಸಿಲ್ಲ.

ಪಕ್ಕದ ರಾಗಿ ಹೊಲದಲ್ಲಿ ಆನೆ ಕಾಯುವ ಅಟ್ಟಣೆಯ ಮೇಲೆ ಒಬ್ಬ ಮುದುಕ ಕೂತಿದ್ದ. ಕೆಳಗೆ ಬದುವಿನಲ್ಲಿ ಅವನ ಸೊಸೆ ಹುಲ್ಲು ಕೊಯ್ಯುತ್ತಿದ್ದಳು. ಇಬ್ಬರೂ ಓಡಿ ಬಂದರು. ಮುದುಕ ತನ್ನ ಕಂಬಳಿ ಕೊಟ್ಟ. ಅಕ್ಕನನ್ನು ಆ ಕಂಬಳಿಯಲ್ಲೇ ಎತ್ತಿ ಹೊರಗೆ ತಂದೆವು. ಟ್ರ್ಯಾಕ್ಟರಿಗೆ ಕಾಯುತ್ತಿದ್ದಾಗ ಆ ಸೊಸೆ ನಾವು ಬಂದ ದಾರಿಯ ಕಡೆಯಿಂದ ನಡೆದು ಬಂದಳು. ಅಂಗೈ ಚಾಚಿದಳು.

“ಅಣ್ಣಾ, ಇದು ನಿಮ್ ಗಾಡೀದಾ? ಆ ಹುಣಸೆಮರದ ತಾವ ಬಿದ್ದಿತ್ತು.”

ಇನ್ನೊಂದು ನಟ್ಟು. ಹಳದಿ ಬಣ್ಣ. ಹುಣಸೆಮರ ಕಂದಕಕ್ಕಿಂತ ಬಹಳ ಹಿಂದೆ, ಸಮನೆಯ ದಾರಿಯಲ್ಲಿದೆ. ಅಂದರೆ ಕಂದಕಕ್ಕೆ ಬರುವ ಮೊದಲೇ ಅದು ಉದುರಿತ್ತು. ನಾನು ಕೈ ಚಾಚುವ ಮುಂಚೆ ಭಾವ ಚಾಚಿದರು. “ಹಾಂ, ಕೊಡಮ್ಮ,” ಎಂದರು. ಅದೂ ಜೇಬಿಗೆ ಹೋಯಿತು.

ಹೊಸೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಂಟರು ಸೇರಿದರು. ಅಕ್ಕನ ಸೊಂಟದ ಮೂಳೆ ಮುರಿದಿತ್ತು. ಹೇಗಾಯಿತು, ಹೇಗಾಯಿತು ಎಂದು ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಭಾವ ಗೋಡೆಗೆ ಒರಗಿ ಹೇಳಿದ ಮಾತು ಇದು:

“ಏನ್ ಹೇಳ್ಲಿ? ನಿಧಾನಕ್ಕೆ ಬಾರೋ ಅಂದೆ. ಲಾರಿ ಓಡ್ಸಿದಂಗೆ ಎಗರಿಸ್ಬುಟ್ಟ.”

ಅವರ ತಮ್ಮ ಅಲ್ಲೇ ಇದ್ದ. ಕೈಯಲ್ಲಿ ಅತ್ತಿಗೆಯ ಚಪ್ಪಲಿ ಹಿಡಿದು ನಿಂತಿದ್ದ. ತಲೆ ಎತ್ತಲಿಲ್ಲ.

ನಾನು ಭಾವನನ್ನು ಹೊರಗೆ ಟೀ ಅಂಗಡಿಯ ಪಕ್ಕಕ್ಕೆ ಕರೆದುಕೊಂಡು ಹೋದೆ. “ಭಾವ, ಅವ್ನು ಲೋ ಗೇರ್‌ನಾಗಿದ್ದ. ಕೈ ತೋರಿಸ್ತಿದ್ದೋನು ನಾನು.”

“ನೀನು ನೋಡ್ತಿದ್ದದ್ದು ಚಕ್ರ.”

“ನಾನು ನೋಡ್ತಿದ್ದದ್ದು ಬೋಲ್ಟು. ನಟ್ಟು ಇರ್ಲಿಲ್ಲ. ನಿಮ್ ಜೇಬಿನಾಗೇನೈತೆ, ತೆಗೀರಿ.”

“ಒಳಗೆ ನಿಮ್ಮಕ್ಕ ನರಳ್ತಾವ್ಳೆ, ನೀನು ನನ್ ಜೇಬು ತಡಕ್ತೀಯೇನ್ಲಾ?”

“ಅವಳು ನರಳ್ತಿರೋದು ಯಾಕೆ ಅಂತಾನೇ ಕೇಳ್ತಿರೋದು.”

ಅವರು ಸುತ್ತ ನೋಡಿದರು, ದನಿ ತಗ್ಗಿಸಿದರು. “ನೋಡು. ಡ್ರೈವರ್ ತಪ್ಪು ಅಂದ್ರೆ ಒಂದ್ ಮಾತಾಗ್ತದೆ, ಎಲ್ರೂ ಮರೀತಾರೆ. ನಟ್ಟು ಬಿಚ್ಚೋಯ್ತು ಅಂದ್ರೆ ಇನ್ನು ಯಾವ್ ನನ್ ಮಗ ನನ್ ಹತ್ರ ಗಾಡಿ ಕಟ್ಟಿಸ್ತಾನೆ? ಆ ಬೆಂಗ್ಳೂರೋರು ಬತ್ತಾರಾ? ನಾನು ಮತ್ತೆ ಜಗಲಿ ಮ್ಯಾಲೆ ಕೂರ್ಲಾ?”

ಎಲ್ಲರೂ ಮರೆಯಲಿಲ್ಲ. ಅತ್ತಿಗೆಯನ್ನೇ ಉರುಳಿಸಿದವನು ಎಂಬ ಮಾತು ಲಾರಿ ನಿಲ್ಲುವ ಕಡೆಗಳಲ್ಲೆಲ್ಲ ಹಬ್ಬಿತು. ಅವನು ಓಡಿಸುತ್ತಿದ್ದ ಲಾರಿಯ ಮಾಲೀಕರು ಬೇರೆಯವನನ್ನು ಹಾಕಿಕೊಂಡರು. ಬೇರೆ ಮಾಲೀಕರು ಆಮೇಲೆ ಹೇಳುತ್ತೇವೆ ಎಂದರು, ಹೇಳಲಿಲ್ಲ. ಘಾಟಿಯಲ್ಲಿ ಒಂದು ಗೀರು ಬೀಳದಂತೆ ಲಾರಿ ಇಳಿಸಿದವನು ಈಗ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ. ಬರುವ ಲಾರಿಗಳಿಗೆ ಅಡ್ಡಗೋಲು ಎತ್ತುತ್ತಾನೆ, ಇಳಿಸುತ್ತಾನೆ. ನಾನು ಅವನನ್ನು ಕೇಳಿದೆ, ನೀನಾದರೂ ಯಾಕೆ ಬಾಯಿ ಬಿಡುವುದಿಲ್ಲ ಎಂದು.

“ಅಣ್ಣ ನನ್ನ ಸಾಕವ್ನೆ ಭಾವ. ಅಪ್ಪ ಹೋದಾಗ ನಾನಿನ್ನೂ ಚಡ್ಡಿ. ಸ್ಟೇರಿಂಗ್ ಕೈಲಿದ್ದೋನ್ ಮ್ಯಾಲೆ ಮಾತು ಬರೋದು ಇದ್ದಿದ್ದೇ.”

ಈ ಉತ್ತರ ಕೇಳಿ ನನಗೆ ಅವನ ಮೇಲೂ ಸಿಟ್ಟು ಬಂತು. ಸಾಕಿದ ಋಣಕ್ಕೆ ಅನ್ನ ಕೊಡಬಹುದು, ದುಡಿದು ಕೊಡಬಹುದು. ಕೈಯ ಕಸುಬಿನ ಮರ್ಯಾದೆಯನ್ನು ಹೇಗೆ ಕೊಡುವುದು? ಕೇಳುವವರಾದರೂ ಹೇಗೆ ಕೇಳುವುದು?

ಅಕ್ಕನನ್ನೂ ಕೇಳಿದೆ. ಅವಳೀಗ ವಾಕರ್ ಹಿಡಿದು ನಡೆಯುತ್ತಾಳೆ. ಶೆಡ್ಡಿಗೆ ಮುಖಮಾಡಿದ ಕಿಟಕಿಯ ಬಳಿ ಕೂರುತ್ತಾಳೆ. ಅಡುಗೆಮನೆಯ ನಲ್ಲಿ ಇನ್ನೂ ತೊಟ್ಟಿಕ್ಕುತ್ತದೆ.

“ನಾನು ಒಳಗಿದ್ದೆ ಕಣ್ಲಾ. ನಂಗೇನ್ ಕಾಣಿಸ್ತದೆ?”

“ಕಂಡಿದ್ದು ಬೇಡ. ಗಾಡಿ ಎಗರ್ತಾ?”

ಅವಳು ಶೆಡ್ಡಿನ ಕಡೆ ನೋಡಿದಳು. “ಟೀ ಚೆಲ್ಲಿರ್ಲಿಲ್ಲ,” ಎಂದಳು. “ಉರುಳೋಗಂಟ ಒಂದ್ ಹನಿ ಚೆಲ್ಲಿರ್ಲಿಲ್ಲ.”

“ಇದನ್ನ ಹೊರಗೆ ಹೇಳಕ್ಕ.”

“ಆ ಮನುಷ್ಯ ಜಗಲಿ ಮ್ಯಾಲೆ ಕೂತಿದ್ದು ನೀನ್ ನೋಡಿದ್ದು ಸಂಜೆ ಹೊತ್ತು. ನಾನು ದಿನವೆಲ್ಲಾ ನೋಡಿವ್ನಿ. ಹೋಗು, ಕಾಫಿ ಕುಡ್ದು ಹೋಗು.”

ಭಾವ ಎರಡನೆಯ ಗಾಡಿ ಕಟ್ಟಿದರು, ಆ ಬೆಂಗಳೂರಿನ ದಂಪತಿಗೆ. ನಾನು ಶೆಡ್ಡಿನೊಳಗೆ ಹೋಗುವುದನ್ನು ಬಿಟ್ಟಿದ್ದೆ. ಅದು ಮುಗಿದು ಅವರು ಒಯ್ಯಲು ಬಂದ ದಿನ ನಾನು ಅಕ್ಕನ ಮಾತ್ರೆ ಕೊಡಲು ಹೋದವನು, ಅಷ್ಟೇ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರಂತೆ ಕಂಡರು. ಜೊತೆಯಲ್ಲಿ ಪುಟ್ಟ ಮಗಳು, ಪೆಟ್ಟಿಗೆಯ ಮೆಟ್ಟಿಲು ಹತ್ತುವುದು ಇಳಿಯುವುದು ಮಾಡುತ್ತಿದ್ದಳು. ಬಾಳೆಕಂದು, ನಿಂಬೆಹಣ್ಣು, ಎಲ್ಲ ಸಿದ್ಧವಾಗಿತ್ತು. ಭಾವ ಹಿಂದಿನ ಸ್ಪ್ರಿಂಗು ತೋರಿಸಿ ವಿವರಿಸುತ್ತಿದ್ದರು. ಹಳದಿ ಗೆರೆಗಳು ಸಾಲಾಗಿ, ನೇರವಾಗಿ, ಚೆಂದವಾಗಿದ್ದವು.

ನನಗೆ ಅಕ್ಕನ ದನಿ ಕೇಳಿಸಿತು, ಆ ದಿನದ್ದು. ನಾನು ಹೋಗಿ ಗಾಡಿಯ ಕೆಳಗೆ ಮಲಗಿದೆ.

“ಏನ್ಲಾ ಮಾಡ್ತಿದೀಯ? ಎದ್ದೇಳು,” ಎಂದರು ಭಾವ.

ಎಡಗಡೆಯ ಚೆಕ್‌ನಟ್ಟನ್ನು ಎರಡು ಬೆರಳಿನಲ್ಲಿ ಹಿಡಿದೆ. ಸ್ಪ್ಯಾನರ್ ಬೇಕಾಗಲಿಲ್ಲ. ಅದು ತಿರುಗಿತು. ಹಳದಿ ಗೆರೆ ಮುರಿದು, ಅರ್ಧ ಬೋಲ್ಟಿನ ಮೇಲೆ ಉಳಿದು, ಅರ್ಧ ನಟ್ಟಿನ ಜೊತೆ ಪಕ್ಕಕ್ಕೆ ಸರಿಯಿತು.

“ಸಾರ್, ಬಗ್ಗಿ ನೋಡಿ,” ಎಂದೆ ಆ ಗಂಡನಿಗೆ.

“ಇನ್ನೂ ಫೈನಲ್ ಆಗಿಲ್ಲ ಸಾರ್,” ಎಂದರು ಭಾವ ಅವಸರವಾಗಿ. “ಬರೀ ಮಾರ್ಕಿಂಗ್ ಆಗೈತೆ. ಪೂಜೆ ಆದ್ಮೇಲೆ ಬಿಗಿ ಮಾಡೋದೇ.”

ಅದೇ ಮಾತು. ಒಬ್ಬಳ ಸೊಂಟ ಮುರಿದ ಮೇಲೂ, ಒಬ್ಬನ ಕಸುಬು ಹೋದ ಮೇಲೂ, ಅದೇ ಮಾತು. ಮೊದಲ ಸಲ ಆದದ್ದನ್ನು ಒಪ್ಪಿಕೊಂಡಿದ್ದರೆ ಅವರ ಕೈಯೇ ಅದನ್ನು ನೆನಪಿಟ್ಟುಕೊಳ್ಳುತ್ತಿತ್ತು. ಎಗರಿಸ್ಬುಟ್ಟ, ಎಗರಿಸ್ಬುಟ್ಟ ಎಂದು ಊರಿಗೆಲ್ಲ ಹೇಳಿ ಹೇಳಿ ಅದನ್ನೇ ಅವರು ನಂಬಿಬಿಟ್ಟಿದ್ದರು. ನಂಬಿದ ಮೇಲೆ ಚೆಕ್‌ನಟ್ಟಿಗೆ ಸ್ಪ್ಯಾನರ್ ಇಡಬೇಕೆಂದು ಅವರಿಗೆ ಯಾಕೆ ತೋಚಬೇಕು?

ಆ ಹೆಂಗಸು ಕಿಟಕಿಯಲ್ಲಿ ವಾಕರ್ ಹಿಡಿದು ನಿಂತಿದ್ದ ಅಕ್ಕನ ಕಡೆ ನೋಡಿದಳು. “ಆ ಅಮ್ಮನಿಗೆ ಏನಾಯ್ತು?” ಎಂದು ಕೇಳಿದಳು. ನಾನು ಕೆಳಗಿನಿಂದ ಎದ್ದು, ಧೂಳು ಕೊಡವಿಕೊಂಡು, ಎಲ್ಲವನ್ನೂ ಹೇಳಿದೆ. ಜೋರಾಗಿ ಹೇಳಿದೆ, ಎದುರು ಮನೆಯ ಮೇಷ್ಟ್ರು ಗೇಟಿಗೆ ಬಂದು ನಿಂತರು. ಗೆರೆ, ರಾಹುಕಾಲ, ಹುಣಸೆಮರ, ಜೇಬು. ಗಾಡಿ ನನ್ನ ನಡಿಗೆಗಿಂತ ನಿಧಾನವಾಗಿತ್ತು ಎಂಬುದನ್ನು ಎರಡು ಸಲ ಹೇಳಿದೆ. ತಂದೆ ಹೋಗಿ ಮಗಳನ್ನು ಮೆಟ್ಟಿಲಿನಿಂದ ಎತ್ತಿಕೊಂಡ. ಅವರು ಗಾಡಿ ಬಿಟ್ಟು, ತಾವು ಬಂದ ಕಾರಿನಲ್ಲೇ ಹೊರಟುಹೋದರು.

“ಇನ್ನು ನನ್ ಮನೆ ಬಾಗ್ಲು ತುಳೀಬ್ಯಾಡ,” ಎಂದರು ಭಾವ.

ಕಿಟಕಿಯಿಂದ ಅಕ್ಕ ಹೇಳಿದ್ದು ಇಷ್ಟೇ: “ಈಗ ಅವ್ರು ಉಣ್ಣಾಕಿಲ್ಲ ಕಣ್ಲಾ. ನಿಂಗೇನ್ ಗೊತ್ತು.”

ಸಂಜೆ ಭಾವನ ತಮ್ಮ ಸೆಕ್ಯೂರಿಟಿಯ ಬಟ್ಟೆಯಲ್ಲೇ ಸೈಕಲ್ ತುಳಿದುಕೊಂಡು ನನ್ನ ಮನೆಗೆ ಬಂದ. ಯಾರೋ ಫೋನ್ ಮಾಡಿದ್ದರಂತೆ. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ.

“ಯಾಕ್ ಹೇಳಕ್ ಹೋದ್ರಿ ಭಾವ? ಅಣ್ಣನ ಹೊಟ್ಟೆ ಮ್ಯಾಲೆ ಹೊಡ್ದಂಗಾಯ್ತು.”

ಅವನು ಸೈಕಲ್ಲಿನ ಬೆಲ್ಲನ್ನು ಬೆರಳಿನಿಂದ ಉಜ್ಜುತ್ತ ನಿಂತಿದ್ದ. ಆಮೇಲೆ ಮುಖ ಎತ್ತದೆ ಕೇಳಿದ:

“ಲೋ ಗೇರ್‌ನಾಗಿದ್ದೆ ಅಂತ ಹೇಳಿದ್ರಾ?”

“ಹೇಳ್ದೆ.”

“ಮೇಷ್ಟ್ರು ಕೇಳಿಸ್ಕೊಂಡ್ರಾ?”

“ಎಲ್ಲಾ ಕೇಳಿಸ್ಕೊಂಡ್ರು.”

ಅವನು ತಲೆಯಾಡಿಸಿದ, ಸೈಕಲ್ ತಿರುಗಿಸಿಕೊಂಡು ಹೋದ. ಅವನಿಗೆ ಲಾರಿ ಇನ್ನೂ ಯಾರೂ ಕೊಟ್ಟಿಲ್ಲ. ಭಾವ ಈಗ ನೆಂಟರ ಹತ್ತಿರ, ನಾನು ಹೊಟ್ಟೆಕಿಚ್ಚಿಗೆ ಅವರ ಗಿರಾಕಿಯನ್ನು ಓಡಿಸಿದೆ ಎನ್ನುತ್ತಿದ್ದಾರೆ. ಶೆಡ್ಡಿನಲ್ಲಿ ಆ ಗಾಡಿ ಹಾಗೇ ನಿಂತಿದೆ. ಇನ್ನೊಬ್ಬರು ಯಾರೋ ಬಂದು ನೋಡಿಕೊಂಡು ಹೋದರಂತೆ. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ. ನನ್ನ ಮಾತು ನಂಬದವರು ಬೇರೆಯವರನ್ನು ಕೇಳಬಹುದು.

ಅಟ್ಟಣೆಯ ಮೇಲಿದ್ದ ಮುದುಕ ಹೋದ ಬೇಸಿಗೆಯಲ್ಲಿ ತೀರಿಕೊಂಡ. ಎಲ್ಲರಿಗಿಂತ ಎತ್ತರದಿಂದ ನೋಡಿದವನು ಅವನೇ. ಅವನ ಸೊಸೆ ಇದ್ದಾಳೆ. ಅದೇ ಹೊಲದಲ್ಲಿ, ಕಂದಕದ ಪಕ್ಕದ ಬದುವಿನಲ್ಲಿ ಸಿಗುತ್ತಾಳೆ, ನಟ್ಟು ಎಲ್ಲಿ ಸಿಕ್ಕಿತು, ಯಾರ ಕೈಗೆ ಕೊಟ್ಟಳು ಎಂಬುದನ್ನು ಕೇಳಿದವರಿಗೆ ಹೇಳುತ್ತಾಳೆ. ಭಾವನ ತಮ್ಮ ಇದ್ದಾನೆ, ಗೇಟಿನಲ್ಲಿ. ಚೆಲ್ಲದ ಟೀ ಲೋಟ ಹಿಡಿದಿದ್ದ ಅಕ್ಕ ಇದ್ದಾಳೆ, ಕಿಟಕಿಯ ಬಳಿ. ಭಾವ ಇದ್ದಾರೆ. ನಾನಿದ್ದೇನೆ.